ಅಪ್‌ಡೇಟ್: ಖಾಲಿ ವರ್ಗಕ್ಕೂ ಈಗ 0 ಬರ್ತಿದೆ

SQL (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ) ಬಗ್ಗೆ ನನ್ನ ಪ್ರಶ್ನೆ ಇಷ್ಟೇ ಇತ್ತು: ವರ್ಗಗಳದ್ದೊಂದು ಟೇಬಲ್, ಪುಸ್ತಕಗಳದ್ದೊಂದು. ಪ್ರತಿ ವರ್ಗದಲ್ಲಿ ಎಷ್ಟು ಪುಸ್ತಕ ಇವೆ ಅಂತ ಎಣಿಸಬೇಕು. ಆದರೆ ಪುಸ್ತಕವೇ ಇಲ್ಲದ ವರ್ಗಗಳು ಪಟ್ಟಿಯಲ್ಲಿ ಕಾಣಿಸುತ್ತಲೇ ಇರಲಿಲ್ಲ.

ಎರಡೂ ಟೇಬಲ್‌ಗಳಲ್ಲಿ ಹೊಂದುವ ಸಾಲುಗಳನ್ನಷ್ಟೇ ಕೊಡುವ ಇನ್ನರ್ ಜಾಯಿನ್ ತೆಗೆದು, ಮೊದಲ ಟೇಬಲ್ಲಿನ ಎಲ್ಲ ಸಾಲುಗಳನ್ನೂ ಉಳಿಸುವ ಲೆಫ್ಟ್ ಜಾಯಿನ್ ಹಾಕಿದೆ. ಎಲ್ಲ ವರ್ಗಗಳೂ ಬಂದವು, ಆದರೆ 0 ಇರಬೇಕಾದ ಕಡೆ 1! ಎಣಿಸುವ ಕೌಂಟ್ ಒಳಗೆ ನಕ್ಷತ್ರ ಚಿಹ್ನೆ (*, ಅಂದರೆ ಎಲ್ಲ ಸಾಲೂ) ಕೊಟ್ಟಿದ್ದೇ ಎಡವಟ್ಟು. ಹೊಂದುವ ಪುಸ್ತಕ ಇಲ್ಲದಿದ್ದರೂ ಲೆಫ್ಟ್ ಜಾಯಿನ್ ವರ್ಗದ ಒಂದು ಸಾಲು ಉಳಿಸುತ್ತದೆ, ನಕ್ಷತ್ರ ಅದನ್ನೂ ಎಣಿಸುತ್ತದೆ. ಅದರ ಬದಲು ಪುಸ್ತಕದ ಐಡಿ ಕೊಟ್ಟೆ. ಪುಸ್ತಕ ಇಲ್ಲದ ಕಡೆ ಐಡಿ ನಲ್ (ಖಾಲಿ ಮೌಲ್ಯ), ಅದು ಎಣಿಕೆಗೆ ಬರುವುದಿಲ್ಲ ಅಲ್ವಾ, 0 ಬಂತು.

ಜಾಸ್ತಿ ತಲೆ ತಿಂದಿದ್ದು ಮುಂದಿನದು. ಲಭ್ಯ ಇರುವ ಪುಸ್ತಕ ಮಾತ್ರ ಬೇಕು ಅಂತ ಸಾಲುಗಳನ್ನು ಸೋಸುವ ವೇರ್ ಭಾಗದಲ್ಲಿ ಷರತ್ತು ಹಾಕಿದೆ. ಖಾಲಿ ವರ್ಗಗಳು ಮತ್ತೆ ಮಾಯ! ಜಾಯಿನ್ ಆದ ಮೇಲೆ ವೇರ್ ಸೋಸುತ್ತದೆ, ಹಾಗಾಗಿ ನಲ್ ಸಾಲುಗಳು ಅಲ್ಲೇ ಉದುರಿಹೋಗುತ್ತಿದ್ದವು. ಷರತ್ತನ್ನು ಜಾಯಿನ್‌ನಲ್ಲಿ ಯಾವ ಸಾಲು ಯಾವುದಕ್ಕೆ ಹೊಂದಬೇಕು ಅಂತ ಹೇಳುವ ಆನ್ ಭಾಗಕ್ಕೆ ಸರಿಸಿದೆ, ಸರಿಹೋಯಿತು. ಸುಮ್ನೆ ಒಂದು ಸಂಜೆ ಹಾಳು.

ಸಾಲುಗಳನ್ನು ಗುಂಪು ಮಾಡುವ ಗ್ರೂಪ್ ಬೈ ಕೂಡ ಈಗ ವರ್ಗದ ಐಡಿ ಮೇಲೆ. ಹೆಸರಿನ ಮೇಲಿದ್ದಾಗ ಒಂದೇ ಹೆಸರಿನ ಎರಡು ವರ್ಗಗಳು ಸೇರಿಹೋಗಿದ್ದವು. ನಾಳೆ ಎರವಲು ಟೇಬಲ್ಲನ್ನೂ ಜೋಡಿಸಬೇಕು. ಮೂರು ಸಲ ಎರವಲು ಹೋದ ಪುಸ್ತಕ ಮೂರಾಗಿ ಎಣಿಕೆಯಾಗದಂತೆ ಕೌಂಟ್ ಒಳಗೆ ಡಿಸ್ಟಿಂಕ್ಟ್ (ಒಂದೇ ಐಡಿಯನ್ನು ಒಮ್ಮೆ ಮಾತ್ರ ಎಣಿಸು ಅಂತ) ಈಗಲೇ ಹಾಕಿಟ್ಟಿದ್ದೇನೆ.