ವಿಮಾನದ ‘ರಡರ್’ಗೆ ‘ಚುಕ್ಕಾಣಿ’ ಎನ್ನಬಹುದೇ?

ಮಾನ್ಯರೇ,

ವಿಮಾನದ ಭಾಗಗಳು ಮತ್ತು ಅವುಗಳ ಕೆಲಸವನ್ನು ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಬರಹವನ್ನು ಸಿದ್ಧಪಡಿಸುತ್ತಿದ್ದೇನೆ. ರೆಕ್ಕೆ, ಬಾಲ, ಮೂತಿ, ಒಡಲು, ಗಾಲಿ ಇವುಗಳಿಗಾಗಿ ನಿಘಂಟು ತೆರೆಯಬೇಕಾಗಲಿಲ್ಲ. ಹಕ್ಕಿಯಿಂದಲೋ ಬಂಡಿಯಿಂದಲೋ ಆ ಪದಗಳು ತಾವಾಗಿಯೇ ಬಂದವು. ತೊಡಕು ಎದುರಾದದ್ದು ಬಾಲದಲ್ಲಿ ನೆಟ್ಟಗೆ ನಿಂತಿರುವ ಫಲಕದ ಹಿಂಬದಿಗೆ ಕೀಲಿನಿಂದ ಜೋಡಿಸಿರುವ, ಎಡಕ್ಕೂ ಬಲಕ್ಕೂ ಹೊರಳುವ ‘ರಡರ್’ನ ವಿಷಯದಲ್ಲಿ. ನಿಘಂಟುಗಳು ಅದಕ್ಕೆ ‘ಚುಕ್ಕಾಣಿ’ ಎಂಬ ಅರ್ಥವನ್ನು ಕೊಡುತ್ತವೆ. ಹಡಗಿನ ಮಟ್ಟಿಗೆ ಅದು ಸರಿಯಾದ ಪದವೇ. ವಿಮಾನಕ್ಕೆ ಅದನ್ನೇ ಬಳಸಿದರೆ ಓದುಗನ ಮನಸ್ಸಿನಲ್ಲಿ ತಪ್ಪು ಚಿತ್ರ ಮೂಡುವುದಿಲ್ಲವೇ ಎಂಬುದು ನನ್ನ ಪ್ರಶ್ನೆ.

ಕನ್ನಡದಲ್ಲಿ ‘ಚುಕ್ಕಾಣಿ ಹಿಡಿದವರು’ ಎಂದರೆ ದಾರಿಯನ್ನು ನಿರ್ಧರಿಸುವವರು. ಹಾಗಾಗಿ ‘ವಿಮಾನದ ಚುಕ್ಕಾಣಿ’ ಎಂದೊಡನೆ, ವಿಮಾನ ಎಡಕ್ಕೋ ಬಲಕ್ಕೋ ದಾರಿ ಬದಲಿಸುವುದು ಅದರಿಂದಲೇ ಎಂದು ಮಕ್ಕಳು ತಿಳಿಯುತ್ತಾರೆ. ಆದರೆ ಹಾರುತ್ತಿರುವ ವಿಮಾನವನ್ನು ತಿರುಗಿಸುವ ಮುಖ್ಯ ಕೆಲಸ ನಡೆಯುವುದು ರೆಕ್ಕೆಗಳಲ್ಲಿ. ರೆಕ್ಕೆಯ ತುದಿಯ ಸಮೀಪ, ಹಿಂಬದಿಯ ಅಂಚಿನಲ್ಲಿ ಏಲೆರಾನ್ ಎಂಬ ಪಟ್ಟಿಗಳಿರುತ್ತವೆ. ಒಂದು ಬದಿಯ ಪಟ್ಟಿ ಮೇಲೆದ್ದಾಗ ಇನ್ನೊಂದು ಬದಿಯದು ಕೆಳಗಿಳಿಯುತ್ತದೆ. ಪಟ್ಟಿ ಮೇಲೆದ್ದ ಬದಿಯ ರೆಕ್ಕೆಗೆ ಗಾಳಿಯಿಂದ ಸಿಗುವ ಎತ್ತುಬಲ (ಇಂಗ್ಲಿಷಿನಲ್ಲಿ ‘ಲಿಫ್ಟ್’) ಕಡಿಮೆಯಾಗಿ ವಿಮಾನ ಆ ಬದಿಗೆ ವಾಲುತ್ತದೆ. ಎತ್ತುಬಲವು ರೆಕ್ಕೆಗೆ ಲಂಬವಾಗಿ ವರ್ತಿಸುವುದರಿಂದ, ವಿಮಾನ ವಾಲಿದಾಗ ಅದೂ ವಾಲುತ್ತದೆ, ಮತ್ತು ಅದರ ಒಂದು ಪಾಲು ವಿಮಾನವನ್ನು ಪಕ್ಕಕ್ಕೆ ಎಳೆಯುತ್ತದೆ. ತಿರುವು ಉಂಟಾಗುವುದು ಹೀಗೆ. ಪಕ್ಕಕ್ಕೆ ಹೋದ ಪಾಲಿನಿಂದ ಭಾರ ಹೊರುವ ಪಾಲು ತಗ್ಗುವುದರಿಂದ ಒಟ್ಟು ಎತ್ತುಬಲವನ್ನು ಹೆಚ್ಚಿಸಬೇಕಾಗುತ್ತದೆ. 60 ಡಿಗ್ರಿ ವಾಲಿ ಎತ್ತರ ಕಳೆದುಕೊಳ್ಳದೆ ತಿರುಗಲು ಸಾಮಾನ್ಯ ಹಾರಾಟದ ಎರಡರಷ್ಟು ಎತ್ತುಬಲ ಬೇಕು.

ಹಾಗಾದರೆ ರಡರ್ ಏಕೆ? ಕೆಳಗಿಳಿದ ಪಟ್ಟಿಯಿರುವ ರೆಕ್ಕೆಯಲ್ಲಿ ಎತ್ತುಬಲದ ಜೊತೆಗೆ ಗಾಳಿಯ ತಡೆಯೂ ಹೆಚ್ಚುವುದರಿಂದ, ಬಲಕ್ಕೆ ವಾಲುತ್ತಿರುವ ವಿಮಾನದ ಮೂತಿ ವಿಚಿತ್ರವಾಗಿ ಎಡಕ್ಕೆ ಜಗ್ಗುತ್ತದೆ. ಆ ಜಗ್ಗಾಟವನ್ನು ಸರಿದೂಗಿಸುವುದು ರಡರ್‌ನ ಮುಖ್ಯ ಕೆಲಸಗಳಲ್ಲೊಂದು. ರೈಟ್ ಸಹೋದರರು 1902ರ ತಮ್ಮ ಗ್ಲೈಡರಿನ ಬಾಲದಲ್ಲಿ ಮೊದಲು ಅಲುಗಾಡದ ಫಲಕಗಳನ್ನಿಟ್ಟು, ಇದೇ ತೊಂದರೆಯನ್ನು ಕಂಡ ಮೇಲೆ ಆಡುವ ರಡರನ್ನು ಅಳವಡಿಸಿದರು. ಇದಲ್ಲದೆ, ಅಡ್ಡಗಾಳಿಯಲ್ಲಿ ಇಳಿಯುವಾಗ ಮೂತಿಯನ್ನು ಓಡುದಾರಿಯ ನೇರಕ್ಕೆ ತರಲು, ಒಂದು ಬದಿಯ ಎಂಜಿನ್ ನಿಂತಾಗ ವಿಮಾನ ಅತ್ತ ಎಳೆಯದಂತೆ ಹಿಡಿದಿಡಲು ಅದು ಬೇಕೇ ಬೇಕು. ಇವು ಯಾವುವೂ ನಾವು ‘ಚುಕ್ಕಾಣಿ ಹಿಡಿಯುವುದು’ ಎನ್ನುವ ಅರ್ಥದ ಕೆಲಸಗಳಲ್ಲ.

ಭಾಗ ಇರುವ ಜಾಗವನ್ನು ನೋಡಿ ಹೆಸರಿಡೋಣವೆಂದರೆ ಅದೂ ನಿಲ್ಲುವುದಿಲ್ಲ. ಮೂತಿಯನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್ ಹೆಚ್ಚಿನ ವಿಮಾನಗಳಲ್ಲಿ ಬಾಲದಲ್ಲಿದೆಯೆಂದು ‘ಬಾಲಪಟ್ಟಿ’ ಎಂದೆವೆನ್ನಿ. ರೈಟ್ ಸಹೋದರರ 1903ರ ವಿಮಾನದಲ್ಲಿ ಅದು ಮುಂದುಗಡೆಯೇ ಇತ್ತು. ಕಾಂಕಾರ್ಡ್ ಎಂಬ ಪ್ರಯಾಣಿಕ ವಿಮಾನದಲ್ಲಂತೂ ಅಡ್ಡಬಾಲವೇ ಇರಲಿಲ್ಲ, ರೆಕ್ಕೆಯ ಹಿಂಬದಿಯ ಪಟ್ಟಿಗಳೇ ವಾಲಿಸುವ ಕೆಲಸವನ್ನೂ ಮೂತಿ ಎತ್ತಿಳಿಸುವ ಕೆಲಸವನ್ನೂ ಮಾಡುತ್ತಿದ್ದವು. ಇಂಗ್ಲಿಷ್ ಪದಗಳನ್ನೇ ಉಳಿಸಿಕೊಳ್ಳೋಣವೆಂದು ಒಂದು ವಾಕ್ಯ ಬರೆದು ನೋಡಿದೆ: ‘ಎಲಿವೇಟರ್ ರೆಕ್ಕೆಯ ಲಿಫ್ಟನ್ನು ಹೆಚ್ಚಿಸುತ್ತದೆ.’ ಓದಿದವರೊಬ್ಬರು ಇದು ಯಾವ ಬಹುಮಹಡಿ ಕಟ್ಟಡ ಎಂದು ಕೇಳಿದರು. ‘ಏಲೆರಾನ್’ ಮಾತ್ರ ಸುಲಭವಾಗಿ ಬಗೆಹರಿಯಿತು; ಫ್ರೆಂಚಿನಲ್ಲಿ ಅದಕ್ಕೆ ಪುಟ್ಟ ರೆಕ್ಕೆ ಎಂದೇ ಅರ್ಥವಿರುವುದರಿಂದ ‘ಕಿರುರೆಕ್ಕೆ’ ಎಂದಿಟ್ಟುಕೊಂಡಿದ್ದೇನೆ.

ಉಳಿದವುಗಳಿಗೆ, ವಿಮಾನದ ಚಲನೆಗಳನ್ನು ಮೊದಲು ಹೆಸರಿಸಿ, ಅವುಗಳಿಂದ ಭಾಗಗಳ ಹೆಸರನ್ನು ಪಡೆಯುವುದು ಮೇಲೆಂದು ನನಗೆ ತೋರುತ್ತದೆ. ಪಕ್ಕಕ್ಕೆ ಓರೆಯಾಗುವುದಕ್ಕೆ ‘ವಾಲು’ ಇದೆ. ಮೂತಿ ಮೇಲೆ ಕೆಳಗೆ ಆಗುವುದಕ್ಕೆ ‘ಮೂತಿಯೆತ್ತು’, ‘ಮೂತಿಯಿಳಿಸು’ ಸಾಕು, ಎಲಿವೇಟರನ್ನು ‘ಎತ್ತಿಳಿಪಟ್ಟಿ’ ಎನ್ನಬಹುದು. ತೊಂದರೆ ಕೊಡುವುದು ಮೂರನೆಯದು. ವಾಲದೆ, ಎದ್ದಿಳಿಯದೆ, ಮೂತಿಯಷ್ಟೇ ಎಡಕ್ಕೋ ಬಲಕ್ಕೋ ಹೊರಳುವುದನ್ನು ಇಂಗ್ಲಿಷಿನಲ್ಲಿ ‘ಯಾ’ ಎನ್ನುತ್ತಾರೆ. ನಮ್ಮ ‘ತಿರುಗು’ ದಾರಿ ಬದಲಿಸುವುದಕ್ಕೂ ಇದ್ದಲ್ಲೇ ಹೊರಳುವುದಕ್ಕೂ ಒಂದೇ ಆಗಿರುವುದರಿಂದ, ಯಾವ ಎರಡು ಸಂಗತಿಗಳನ್ನು ಬೇರ್ಪಡಿಸಬೇಕೋ ಅವನ್ನೇ ಅದು ಕಲಸಿಬಿಡುತ್ತದೆ. ‘ಮೂತಿ ತಿರುಗಿಸು’ ಎಂಬುದು ಅರ್ಥಕ್ಕೆ ಬಹಳ ಹತ್ತಿರ ಬರುತ್ತದೆ. ಆದರೆ ವಿಮಾನ ಯಾರ ಮೇಲೋ ಮುನಿಸಿಕೊಂಡಂತೆ ಕೇಳಿಸುತ್ತದೆ! ‘ಮೂತಿಹೊರಳು’ ಎಂದು ಕಟ್ಟಿ, ರಡರ್‌ಗೆ ‘ಹೊರಳುಪಟ್ಟಿ’ ಎಂದು ಕರೆಯುವುದು ನನ್ನ ಸದ್ಯದ ಆಯ್ಕೆ.

‘ಹೊರಳು’ ಎಂದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವ ನೆನಪೂ ಬರುವುದರಿಂದ, ಓದುಗರು ಅದನ್ನು ‘ವಾಲು’ವಿನೊಡನೆ ಗೊಂದಲ ಮಾಡಿಕೊಂಡಾರೆಂಬ ಅಳುಕು ಮಾತ್ರ ಇದೆ. ಇದಕ್ಕಿಂತ ಖಚಿತವಾದ ಕ್ರಿಯಾಪದ ಹಳಗನ್ನಡದಲ್ಲಾಗಲಿ, ದೋಣಿ ನಡೆಸುವವರ ಆಡುಮಾತಿನಲ್ಲಾಗಲಿ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಬಳಕೆಯಲ್ಲಿ ಬೇರೂರಿದೆ ಎಂಬ ಕಾರಣಕ್ಕೆ ‘ಚುಕ್ಕಾಣಿ’ಯನ್ನೇ ಉಳಿಸಿಕೊಳ್ಳಬೇಕೆನ್ನುವವರು, ಅದು ದಾರಿ ಬದಲಿಸುವ ಸಾಧನವಲ್ಲ ಎಂಬುದನ್ನು ಪ್ರತಿ ಬಾರಿ ವಿವರಿಸದೆ ಹೇಗೆ ಸೂಚಿಸಬಹುದು ಎಂಬುದನ್ನೂ ದಯವಿಟ್ಟು ಬರೆಯಿರಿ.