ಅಪ್‌ಡೇಟ್: ವೈಪರ್ ಆರ್ಮ್ ಕೊನೆಗೂ ಕಳಚಿತು

ಹೋದ ವಾರ ಕೇಳಿದ್ದೆನಲ್ಲ, ಕಾರಿನ ವೈಪರ್‌ಗೆ ಹೊಸ ಬ್ಲೇಡ್ ಹಾಕಿದರೂ ಡ್ರೈವರ್ ಕಡೆ ಗಾಜಿನ ಮಧ್ಯದಲ್ಲಿ ನೀರು ಹಾಗೇ ಉಳಿಯುತ್ತೆ ಅಂತ. ನೀವು ಹೇಳಿದ್ದೇ ನಿಜ, ಬ್ಲೇಡ್ ಹಿಡಿದಿರೋ ಕೋಲಿದೆಯಲ್ಲ, ಆರ್ಮ್, ಅದರೊಳಗೆ ಬ್ಲೇಡನ್ನು ಗಾಜಿಗೆ ಒತ್ತೋ ಸ್ಪ್ರಿಂಗ್ ಸತ್ತಿತ್ತು.

ಬುಡದ ಪ್ಲಾಸ್ಟಿಕ್ ಮುಚ್ಚಳ ತೆಗೆದು ನಟ್ ಬಿಚ್ಚೋದು ಎರಡೇ ನಿಮಿಷ. ಆಮೇಲೆ ಶುರುವಾಯ್ತು ನೋಡಿ! ನಮ್ಮ ಮಡಿಕೇರಿ ಮಳೆ ಗೊತ್ತಲ್ಲ, ಆರ್ಮ್ ಅದನ್ನು ತಿರುಗಿಸೋ ಶಾಫ್ಟಿನ ಹಲ್ಲುಗಳಿಗೆ ಕಚ್ಚಿಕೊಂಡುಬಿಟ್ಟಿತ್ತು. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಅರ್ಧ ಗಂಟೆ ಕಾದು, ಅಲ್ಲಾಡಿಸಿ ಅಲ್ಲಾಡಿಸಿ ಕೈ ಸೋತಿತು, ಅದು ಮಾತ್ರ ಜಗ್ಗಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಗಾಜು ಹೋಗುತ್ತೆ ಅಂದಿದ್ರಿ, ಅದಕ್ಕೇ ಪಕ್ಕದ ಗ್ಯಾರೇಜಿನಿಂದ ಬ್ಯಾಟರಿ ಟರ್ಮಿನಲ್ ಪುಲ್ಲರ್ (ಸ್ಕ್ರೂ ತಿರುಗಿಸಿದರೆ ಕಚ್ಚಿಕೊಂಡಿದ್ದನ್ನು ಮೇಲಕ್ಕೆ ಎಳೆಯೋ ಸಾಧನ) ಇಸ್ಕೊಂಡು ಬಂದೆ. ನಾಲ್ಕು ತಿರುವು, ಟಕ್ ಅಂತ ಬಂತು. ಹಲ್ಲುಗಳ ಸಂದಿಯಲ್ಲಿ ಬಿಳಿ ಪುಡಿ ಮೆತ್ತಿಕೊಂಡಿತ್ತು, ಅಲ್ಯೂಮಿನಿಯಂ ಬುಡ, ಉಕ್ಕಿನ ಶಾಫ್ಟ್ ಅಲ್ವಾ, ಎರಡು ಲೋಹ ತಾಗಿಕೊಂಡು ನೀರು ಬಿದ್ದರೆ ಅಲ್ಯೂಮಿನಿಯಂ ಹಾಗೆ ಸವೆಯುತ್ತೆ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ.

ಒಂದು ಎಡವಟ್ಟೂ ಆಯ್ತು. ಬಿಚ್ಚೋ ಮೊದಲು ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡೋದು ಮರೆತೆ, ಹೊಸ ಆರ್ಮ್ ಒಂದು ಹಲ್ಲು ಆಚೆ ಕೂತು ಬ್ಲೇಡ್ ಗಾಜಿನ ಪಕ್ಕದ ಬಾಡಿ ಕಂಬಕ್ಕೆ ಪಟಪಟ ಬಡಿಯಿತು. ಮತ್ತೆ ಬಿಚ್ಚಿ, ಆರ್ಮ್ ಇಲ್ಲದೇ ಮೋಟರ್ ಒಮ್ಮೆ ಓಡಿಸಿ, ಆಫ್ ಮಾಡಿದಾಗ ಅದು ನಿಲ್ಲೋ ಜಾಗಕ್ಕೆ ಬಂದು ನಿಂತ ಮೇಲೆ ಆರ್ಮ್ ಕೂರಿಸಿದೆ. ನಿನ್ನೆ ಜಡಿಮಳೆಯಲ್ಲಿ ಕುಶಾಲನಗರಕ್ಕೆ ಹೋಗಿ ಬಂದೆ, ಗಾಜು ಫುಲ್ ಕ್ಲೀನ್.