ಫೋನಲ್ಲಿರುವ ಮೆಸೇಜ್ ಆಫೀಸ್ ಕಂಪ್ಯೂಟರಿನ ವಾಟ್ಸಾಪಲ್ಲಿ ಕಾಣುತ್ತಿಲ್ಲ

ವಿರಾಜಪೇಟೆ ಆಫೀಸು
ವಿಂಡೋಸ್ 11, ಸ್ಟೋರಿಂದ ಹಾಕಿದ ವಾಟ್ಸಾಪ್. ನಂಬರ್ ಇರುವ ಫೋನ್ ನಾಪೋಕ್ಲು ಕಡೆ ತೋಟದಲ್ಲಿ ಲೆಕ್ಕ ನೋಡುವ ರೈಟರ ಕೈಯಲ್ಲಿರುತ್ತೆ. ಅಲ್ಲಿ ರೇಂಜ್ ಅಷ್ಟಕ್ಕಷ್ಟೇ. ಮಳೆಗೆ ಎರಡು ವಾರಕ್ಕೂ ಮೇಲೆ ಫೋನಿಗೆ ನೆಟ್ ಇರಲಿಲ್ಲ, ಕಂಪ್ಯೂಟರ್ ತಾನಾಗಿ ಲಾಗೌಟ್ ಆಯಿತು. ರೈಟರಿಗೆ ಕೋಡ್ ಹೇಳಿ ಮತ್ತೆ ಲಿಂಕ್ ಮಾಡಿಸಿದೆವು. ಹೊಸ ಮೆಸೇಜ್ ಬರ್ತಿದೆ. ಹಳೆಯ ಕಾಫಿ ಚೆರಿ ರೇಟು, ತೂಕದ ಚೀಟಿ ಫೋಟೋ ಯಾವುದೂ ಇಲ್ಲ. ಫೋನಲ್ಲಿ ಎಲ್ಲ ಇದೆ. ಕೆಲವು ಕಡೆ ‘ವೇಟಿಂಗ್ ಫಾರ್ ದಿಸ್ ಮೆಸೇಜ್’ ಅಂತಷ್ಟೇ ಇದೆ. ರೀಸೆಟ್ ಕೊಡಬಹುದಾ? ಕರೆಂಟ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನ ತಾರೀಖೂ ಹಿಂದಕ್ಕೆ ಹೋಗಿರುತ್ತೆ.

ಗೋಣಿಕೊಪ್ಪ ಸಿಸ್ಟಮ್ಸ್
ರೀಸೆಟ್ ಬೇಡ ಸರ್. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ರಿಪೇರ್’ ಕೊಟ್ಟರೆ ಡೇಟಾ ಉಳಿಯುತ್ತೆ, ‘ರೀಸೆಟ್’ ಕೊಟ್ಟರೆ ಈಗ ಬಂದಿರುವುದೂ ಹೋಗಿ ಮತ್ತೆ ಲಿಂಕ್ ಮಾಡಬೇಕಾಗುತ್ತೆ. ಮುಖ್ಯ ಫೋನ್ 14 ದಿನಕ್ಕಿಂತ ಹೆಚ್ಚು ಬಳಸದಿದ್ದರೆ ಲಿಂಕ್ ಆದ ಸಾಧನಗಳು ಲಾಗೌಟ್ ಆಗುತ್ತವೆ, ನಿಮಗೆ ಆಗಿದ್ದು ಅದು.

ಹೊಸ ಮೆಸೇಜ್ ಬಂದು ಹಳೆಯದು ಬಾರದ್ದಕ್ಕೆ ಕಾರಣ ಬೇರೆ. ಹೊಸ ಮೆಸೇಜನ್ನು ಕಳಿಸುವವರ ಫೋನೇ ನಿಮ್ಮ ಪ್ರತಿ ಸಾಧನಕ್ಕೂ ಬೇರೆ ಬೇರೆಯಾಗಿ ಎನ್‌ಕ್ರಿಪ್ಟ್ ಮಾಡಿ (ಕೀ ಇದ್ದವರಿಗಷ್ಟೇ ಓದಲು ಬರುವಂತೆ ಬೀಗ ಹಾಕಿ) ಕಳಿಸುತ್ತೆ. ರೈಟರ ಫೋನ್ ಆಫ್ ಇದ್ದರೂ ಅದು ಕಂಪ್ಯೂಟರಿಗೆ ಬರುತ್ತೆ. ಹಳೆಯದು ಸರ್ವರಲ್ಲಿ ಇರುವುದೇ ಇಲ್ಲ. ಲಿಂಕ್ ಆದ ಮೇಲೆ ಫೋನೇ ಅದನ್ನು ಕಳಿಸಬೇಕು. ಕೋಡ್ ಒತ್ತಿ ಫೋನ್ ಜೇಬಿಗೆ ಹಾಕಿಕೊಂಡು ತೋಟಕ್ಕೆ ಇಳಿದರೆ ಅದು ಅರ್ಧಕ್ಕೇ ನಿಲ್ಲುತ್ತೆ.

ಫೋನನ್ನು ಒಳ್ಳೆ ವೈಫೈ ಇರುವಲ್ಲಿಗೆ ತರಿಸಿ. ಚಾರ್ಜಿಗೆ ಹಾಕಿ, ಬ್ಯಾಟರಿ ಸೇವರ್ ತೆಗೆದು, ವಾಟ್ಸಾಪ್ ತೆರೆದೇ ಇಡಿ. ಕಂಪ್ಯೂಟರಲ್ಲೂ ತೆರೆದಿರಲಿ. ಬೇಕಾದ ಚಾಟಿನ ಮೇಲ್ತುದಿಗೆ ಸ್ಕ್ರೋಲ್ ಮಾಡಿದರೆ ಫೋನಿಂದ ಹಳೆ ಮೆಸೇಜ್ ತರಿಸುವ ಸಾಲು ಕಾಣುತ್ತೆ, ಅದನ್ನು ಒತ್ತಿ. ಆಗಲೂ ಬಾರದಿದ್ದರೆ ಮಾತ್ರ ಫೋನಿನ ‘ಲಿಂಕ್ಡ್ ಡಿವೈಸಸ್’ನಲ್ಲಿ ಈ ಕಂಪ್ಯೂಟರನ್ನು ಲಾಗೌಟ್ ಮಾಡಿ, ಎರಡನ್ನೂ ಪಕ್ಕದಲ್ಲಿಟ್ಟು ಕ್ಯೂಆರ್ ಸ್ಕ್ಯಾನ್ ಮಾಡಿ. ಖಾಲಿ ಕಾಣುವ ಚಾಟನ್ನು ಕಂಪ್ಯೂಟರಲ್ಲಿ ಡಿಲೀಟ್ ಮಾಡಲೇಬೇಡಿ, ಫೋನಲ್ಲೂ ಅಳಿಸಿಹೋಗುತ್ತೆ.

ಸೋಮವಾರಪೇಟೆ
‘ವೇಟಿಂಗ್’ ಅಂತ ಇರುವುದಕ್ಕೆ ನಿಮ್ಮ ಕಡೆಯಿಂದ ಮಾಡುವಂಥದ್ದು ಕಡಿಮೆ. ಮೆಸೇಜ್ ಬಂದಿದೆ, ಬಿಡಿಸುವ ಕೀ ಹೊಂದಿಲ್ಲ. ಕಳಿಸಿದವರು ತಮ್ಮ ಫೋನಲ್ಲಿ ವಾಟ್ಸಾಪ್ ತೆರೆದಾಗ ಅದು ಮತ್ತೆ ಎನ್‌ಕ್ರಿಪ್ಟ್ ಆಗಿ ಬರುತ್ತೆ. ಫೋನ್ ಮಾಡಿ ‘ಒಮ್ಮೆ ವಾಟ್ಸಾಪ್ ತೆಗೀರಿ’ ಅನ್ನಿ.

ತಾರೀಖು ಹಿಂದೆ ಹೋಗುವುದು ಮದರ್‌ಬೋರ್ಡಿನ ಬ್ಯಾಟರಿ ಮುಗಿದ ಲಕ್ಷಣ. ಹೆಚ್ಚಿನವಕ್ಕೆ ಸಿಆರ್2032, 3 ವೋಲ್ಟಿನ ನಾಣ್ಯದಂಥ ಸೆಲ್. ತಾರೀಖು ತಪ್ಪಿದ್ದರೆ ಸುರಕ್ಷಿತ ಸಂಪರ್ಕವೇ ಆಗದೆ ವಾಟ್ಸಾಪ್ ‘ಕನೆಕ್ಟಿಂಗ್’ನಲ್ಲೇ ಕೂರುತ್ತೆ. ವ್ಯತ್ಯಾಸ 15 ಗಂಟೆಗಿಂತ ಜಾಸ್ತಿಯಿದ್ದರೆ ವಿಂಡೋಸ್ ಸಾಮಾನ್ಯವಾಗಿ ತಾನಾಗಿ ಸರಿಮಾಡುವುದಿಲ್ಲ. ಮೊದಲು ಕೈಯಿಂದ ತಾರೀಖು ಹಾಕಿ, ಆಮೇಲೆ ತಾರೀಖು-ಸಮಯದ ಸೆಟ್ಟಿಂಗ್ಸ್‌ನಲ್ಲಿ ‘ಸಿಂಕ್ ನೌ’ ಒತ್ತಿ. ಸೆಲ್ ಬದಲಿಸುವ ಮೊದಲು ಬಯೋಸ್ (ವಿಂಡೋಸ್‌ಗೂ ಮೊದಲು ತೆರೆಯುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಪುಟಗಳ ಫೋಟೋ ತೆಗೆದಿಡಿ, ಬೂಟ್ ಸೆಟ್ಟಿಂಗ್ ಹಳೇ ಸ್ಥಿತಿಗೆ ಹೋಗಿರಬಹುದು. ಸೆಲ್ ಹಾಕುವಾಗ ಪ್ಲಗ್ ಕಿತ್ತಿರಲಿ.

ವಿರಾಜಪೇಟೆ ಆಫೀಸು
ಫೋನ್ ತರಿಸಿದೆವು, ವೈಫೈನಲ್ಲಿ ಎಲ್ಲ ಇಳಿಯಿತು. ಇಬ್ಬರು ವ್ಯಾಪಾರಿಗಳ ಚಾಟ್ ಮಾತ್ರ ಪಟ್ಟಿಯಲ್ಲೇ ಇಲ್ಲ.

ಗೋಣಿಕೊಪ್ಪ ಸಿಸ್ಟಮ್ಸ್
ಪಟ್ಟಿಯ ಮೇಲೆ ‘ಅನ್‌ರೀಡ್’ ಫಿಲ್ಟರ್ ಒತ್ತಿಹೋಗಿದೆಯಾ, ‘ಆರ್ಕೈವ್ಡ್’ನಲ್ಲಿ ಇದೆಯಾ ನೋಡಿ. ಚಾಟ್ ಇದ್ದೂ ಒಳಗೆ ಖಾಲಿಯಿದ್ದರೆ ಮೆಸೇಜ್ ತಾನಾಗಿ ಅಳಿಸುವ ಡಿಸಪಿಯರಿಂಗ್ ಟೈಮರ್ ನೋಡಿ: 24 ಗಂಟೆ, 7 ದಿನ ಅಥವಾ 90 ದಿನ. ಹಾಗೆ ಹೋದದ್ದು ಫೋನಿಂದ ಮತ್ತೆ ತರಿಸಿದರೂ ಬರುವುದಿಲ್ಲ.

ಸೋಮವಾರಪೇಟೆ
ಇನ್ನೊಂದು ಮಾತು ಸರ್. ಮುಖ್ಯ ಫೋನ್ ರೇಂಜ್ ಇಲ್ಲದ ಕಡೆ ಇದ್ದರೆ ಮುಂದಿನ ಮಳೆಗಾಲಕ್ಕೂ ಇದೇ ಪಾಡು. ಅದನ್ನು ಆಫೀಸಿನ ವೈಫೈನಲ್ಲಿ ಇಟ್ಟುಬಿಡಿ. ರೈಟರಿಗೆ ಬೇರೆ ಫೋನ್ ಕೊಟ್ಟು, ನಂಬರ್ ಕೇಳುವ ಪುಟದ ಮೂರು ಚುಕ್ಕೆಯಿಂದ ಈಗಿರುವ ಖಾತೆಗೇ ಲಿಂಕ್ ಮಾಡಿ; ನಾಲ್ಕು ಸಾಧನದವರೆಗೆ ಅವಕಾಶ ಇದೆ. ಆ ಫೋನ್ ಸುಮ್ಮನಿದ್ದು ಲಾಗೌಟ್ ಆದರೂ ಆಫೀಸಿನದ್ದಕ್ಕೆ ತೊಂದರೆಯಿಲ್ಲ.